ಏರಿಯಾದಲ್ಲಿ ಕ್ರೈಂ ಯಾಕೆ ಬೇರು ಬಿಡತ್ತೆ, ಅದನ್ನ ಬೀದಿ ಮಟ್ಟದಲ್ಲೇ ತಡೆಯೋದು ಹೇಗೆ

ಏರಿಯಾದಲ್ಲಿ ಮೊಬೈಲ್ ಕಿತ್ಕೊಂಡು ಓಡೋದು, ಬೈಕ್ ಕಳ್ಳತನ, ರಾತ್ರಿ ಹುಡುಗರ ಹೊಡೆದಾಟ ಇವೆಲ್ಲ ಜಾಸ್ತಿ ಆಯ್ತು ಅಂದ್ರೆ ಮೊದಲು ಕೇಳಿಬರೋ ಮಾತು "ಪಕ್ಕದ ಸ್ಲಮ್ಮಿನವ್ರೇ ಕಣ್ರೀ, ಇನ್ಯಾರು" ಅನ್ನೋದು. ಆಮೇಲೆ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಒಬ್ರು ಕಾಂಪೌಂಡ್ ಎತ್ತರ ಮಾಡ್ಸಿ ಅಂತಾರೆ, ಇನ್ನೊಬ್ರು ಮನೆಕೆಲಸದವ್ರ ಬ್ಯಾಗ್ ಚೆಕ್ ಮಾಡಿ ಅಂತಾರೆ, ಮತ್ತೊಬ್ರು ಆ ಕಾಲೋನಿನೇ ಎತ್ತಿಸಬೇಕು ಅಂತಾರೆ, ಅಲ್ಲಿಗೆ ಚರ್ಚೆ ಮುಗಿಯತ್ತೆ. ಆದ್ರೆ ಆ ಕಾಲೋನಿಲಿ ಇರೋರೇ ಈ ಕ್ರೈಂನಿಂದ ಹೆಚ್ಚು ಏಟು ತಿನ್ನೋರು, ಅವ್ರ ಮನೆಗೆ ಗೇಟೂ ಇಲ್ಲ ವಾಚ್‌ಮ್ಯಾನೂ ಇಲ್ಲ, ಕಳೆದುಹೋದ ಮೊಬೈಲ್ ಅವ್ರಿಗೆ ಒಂದು ತಿಂಗಳ ಸಂಬಳ.

ಹಾಗಾಗಿ ಇದನ್ನ ನಾನು ಬರೀತಿರೋದು ಮುಖ್ಯವಾಗಿ ಅಂಥ ಏರಿಯಾಗಳ ಒಳಗೇ ಇರೋರಿಗೆ, ಸ್ತ್ರೀಶಕ್ತಿ ಸಂಘದವ್ರಿಗೆ, ಯುವಕ ಸಂಘದವ್ರಿಗೆ, ಜೊತೆಗೆ ಪಕ್ಕದ ಲೇಔಟಿನ ಅಸೋಸಿಯೇಷನ್‌ನವ್ರಿಗೂ. ಬೆಂಗಳೂರು ಮನಸ್ಸಲ್ಲಿ ಇಟ್ಕೊಂಡು ಬರೆದಿದೀನಿ, ಮೈಸೂರು ಹುಬ್ಬಳ್ಳಿ ಕಲಬುರಗಿಲೂ ಕೆಲಸ ಇದೇ, ಕೆಲವು ಫೋನ್ ನಂಬರ್ ಮಾತ್ರ ಬೇರೆ.

ಮೊದಲು ಕಾರಣ ಸರಿಯಾಗಿ ತಿಳ್ಕೊಳ್ಳಿ

ಇದಿಲ್ಲದೆ ಮುಂದಕ್ಕೆ ಹೋದ್ರೆ ಮಾಡೋ ಕೆಲಸ ಎಲ್ಲ ಉಲ್ಟಾ ಹೊಡೆಯತ್ತೆ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ಈ ವಿಷಯದ ಬಗ್ಗೆ ತುಂಬಾ ಕಾಲ ಅಧ್ಯಯನ ನಡೆದಿರೋ ಊರು ಅಮೆರಿಕದ ಶಿಕಾಗೊ. ಕ್ಲಿಫರ್ಡ್ ಶಾ, ಹೆನ್ರಿ ಮೆಕೇ ಅನ್ನೋ ಇಬ್ರು ಸಮಾಜಶಾಸ್ತ್ರಜ್ಞರು ಕೋರ್ಟಿಗೆ ಬಂದ ಹುಡುಗರ ಮನೆ ಎಲ್ಲೆಲ್ಲಿದೆ ಅಂತ ಊರಿನ ಮ್ಯಾಪ್ ಮೇಲೆ ಗುರುತು ಹಾಕ್ತಾ ಹೋದ್ರು, 1942ರಲ್ಲಿ ಅದನ್ನ ಪ್ರಕಟ ಮಾಡಿದ್ರು. ಫ್ಯಾಕ್ಟರಿ ಪಕ್ಕದ ಹಳೇ ಬಡ ಬಡಾವಣೆಗಳಲ್ಲಿ ಗುರುತು ಒತ್ತೊತ್ತಾಗಿ ಬಿದ್ದಿತ್ತು, ಅದೇನೋ ನಿರೀಕ್ಷೆ ಮಾಡಿದ್ದೇ. ಆದ್ರೆ ಅಲ್ಲಿ ದಶಕಗಳಲ್ಲಿ ಜನ ಪೂರ್ತಿ ಬದಲಾಗಿಬಿಟ್ಟಿದ್ರು, ಮೊದಲು ಜರ್ಮನ್ನರು ಐರಿಶ್‌ನವ್ರು ಇದ್ರು, ಆಮೇಲೆ ಪೋಲೆಂಡ್ ಇಟಲಿಯಿಂದ ಬಂದೋರು ಬಂದ್ರು, ಮೊದಲಿದ್ದೋರು ಬೇರೆ ಕಡೆ ಹೋದ ಮೇಲೆ ಅವ್ರ ಮಕ್ಕಳ ಕೇಸು ಕಮ್ಮಿ ಆಯ್ತು, ಆದ್ರೆ ಆ ಜಾಗದ ಕೇಸುಗಳು ಮಾತ್ರ ಹಂಗೇ ಮೇಲೇ ಇದ್ವು. ಅಂದ್ರೆ ಕಾರಣ ಇರೋದು ಆ ಜನಾಂಗದಲ್ಲೋ ಜಾತಿಯಲ್ಲೋ ರಕ್ತದಲ್ಲೋ ಅಲ್ಲ, ಆ ಜಾಗದ ಸ್ಥಿತಿಯಲ್ಲಿ. ನಮ್ಮೂರಲ್ಲಿ ಇವತ್ತಿಗೂ ಒಂದು ಧರ್ಮದ ಹೆಸರು, ಒಂದು ಭಾಷೆಯ ಹೆಸರು ಹೇಳಿ ಬೆರಳು ತೋರಿಸೋರು ಇದನ್ನ ಎರಡು ಸಲ ಓದ್ಬೇಕು.

ಜಾಗದಲ್ಲಿ ಅಂಥದ್ದೇನಿದೆ ಅನ್ನೋ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬಹಳ ವರ್ಷ ಆದ್ಮೇಲೆ, ಅದೂ ಶಿಕಾಗೊದಲ್ಲೇ. 1995ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಅನ್ನೋ ಸಮಾಜಶಾಸ್ತ್ರಜ್ಞ ಮತ್ತು ಜೊತೆಯವ್ರು 343 ಬಡಾವಣೆಗಳ 8,782 ಜನರನ್ನ ಕೇಳಿದ್ರು, 1997ರಲ್ಲಿ ಫಲಿತಾಂಶ ಬಂತು. ಕೇಳಿದ ಪ್ರಶ್ನೆಗಳು ತುಂಬಾ ಸರಳ. ಮಕ್ಕಳು ಸ್ಕೂಲಿಗೆ ಚಕ್ಕರ್ ಹೊಡೆದು ಮೂಲೆಲಿ ನಿಂತಿದ್ರೆ ನಿಮ್ಮ ಅಕ್ಕಪಕ್ಕದವ್ರು ಏನಾದ್ರೂ ಮಾಡ್ತಾರಾ? ಮನೆ ಮುಂದೆ ಜಗಳ ಆಗ್ತಿದ್ರೆ? ಹತ್ತಿರದ ಫೈರ್ ಸ್ಟೇಷನ್‌ಗೆ ದುಡ್ಡು ಕಟ್ ಮಾಡಿ ಮುಚ್ಚೋಕೆ ಹೊರಟ್ರೆ ಸೇರಿ ಓಡಾಡ್ತೀರಾ? ಇಲ್ಲಿನ ಜನರನ್ನ ನಂಬಬಹುದಾ? ಹೌದು ಅನ್ನೋ ಉತ್ತರ ಜಾಸ್ತಿ ಬಂದ ಕಡೆ, ಬಡತನ ಅಷ್ಟೇ ಇದ್ರೂ ಹಿಂಸೆ ಕಮ್ಮಿ ಇತ್ತು. ಬಡತನದಿಂದ ಕ್ರೈಂಗೆ ಹೋಗೋ ದಾರಿಯ ದೊಡ್ಡ ಪಾಲು ಇಲ್ಲೇ ಹಾದುಹೋಗತ್ತೆ, ಒಬ್ಬರಿಗೊಬ್ಬರು ಆಗ್ತೀವಿ ಅನ್ನೋ ನಂಬಿಕೆ ಒಡೆದ ಜಾಗದಲ್ಲಿ.

ಆ ನಂಬಿಕೆಯನ್ನ ಬಡತನ ಹೇಗೆ ಒಡೆಯತ್ತೆ ಅನ್ನೋದು ನಮ್ಮ ಗಲ್ಲಿಗಳಲ್ಲಿ ನಿಂತು ನೋಡಿದ್ರೆ ಕಾಣತ್ತೆ. ಅಮ್ಮ ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋದ್ರೆ ಬರೋದು ಕತ್ತಲಾದ್ಮೇಲೆ, ಅಪ್ಪ ಗಾರೆ ಕೆಲಸ ಇಲ್ಲ ಲೋಡಿಂಗ್, ಇಲ್ಲಾಂದ್ರೆ ನೈಟ್ ಶಿಫ್ಟ್ ಸೆಕ್ಯುರಿಟಿ, ಸ್ಕೂಲ್ ಬಿಟ್ಟ ಮೇಲೆ ಅಮ್ಮ ಬರೋವರೆಗೆ ಆ ಮಗು ಬೀದಿದು. ಬಾಡಿಗೆ ಏರಿಸ್ತಾರೆ ಅಂತ ಮನೆ ಬದಲಾಯಿಸ್ತಾನೇ ಇರ್ತಾರೆ, ಪಕ್ಕದ ಮನೆಯವ್ರ ಹೆಸರು ತಿಳಿಯೋ ಹೊತ್ತಿಗೆ ಅವ್ರು ಹೋಗಿರ್ತಾರೆ. ಆಸ್ಪತ್ರೆಗೆ ಅಂತ ಮೀಟರ್ ಬಡ್ಡಿಗೆ ಸಾಲ ತಗೊಂಡಿರ್ತಾರೆ, ವಸೂಲಿಗೆ ಬರೋ ಹುಡುಗರು ಅದೇ ಏರಿಯಾದವ್ರು, ಅವ್ರ ಮುಂದೆ ಬಾಯಿ ಬಿಡೋಕೆ ಯಾರಿಗೂ ಧೈರ್ಯ ಇಲ್ಲ. ಸ್ಟೇಷನ್‌ಗೆ ಹೋದ್ರೆ ನಮ್ಮ ಮಾತು ಯಾರ್ ಕೇಳ್ತಾರೆ ಅನ್ನೋ ಭಾವನೆ ಬಂದುಬಿಟ್ರೆ ಜನ ತಮ್ಮ ಜಗಳ ತಾವೇ ತೀರಿಸ್ಕೊಳ್ಳೋಕೆ ನೋಡ್ತಾರೆ, ಆಗ ಆ ಗಲ್ಲಿಗೆ ಒಬ್ಬ 'ಅಣ್ಣ' ಬೇಕಾಗ್ತಾನೆ, ಅಣ್ಣನ ಹಿಂದೆ ಹುಡುಗರು, ಹುಡುಗರ ಕೈಗೆ ಲಾಂಗು.

ಇಲ್ಲಿ ಇನ್ನೊಂದು ವಾದ ಇದೆ, ಅದನ್ನೂ ಹೇಳ್ಬೇಕು. 1982ರಲ್ಲಿ ಜೇಮ್ಸ್ ವಿಲ್ಸನ್, ಜಾರ್ಜ್ ಕೆಲ್ಲಿಂಗ್ ಅನ್ನೋ ಅಮೆರಿಕದ ಇಬ್ರು ವಿದ್ವಾಂಸರು ಹೇಳಿದ್ದು: ಒಡೆದ ಒಂದು ಕಿಟಕಿ ಹಾಗೇ ಬಿಟ್ರೆ ಇಲ್ಲಿ ಹೇಳೋರು ಕೇಳೋರು ಇಲ್ಲ ಅಂತ ಗೊತ್ತಾಗಿ ಇನ್ನಷ್ಟು ಕಿಟಕಿ ಒಡೀತಾರೆ, ಸಣ್ಣ ಅವ್ಯವಸ್ಥೆ ದೊಡ್ಡ ಕ್ರೈಂಗೆ ದಾರಿ ಮಾಡತ್ತೆ ಅಂತ. ಕೇಳೋಕೆ ಸರಿ ಅನ್ಸತ್ತೆ, ಸ್ವಲ್ಪ ಸತ್ಯನೂ ಇದೆ. ಆದ್ರೆ ಸ್ಯಾಂಪ್ಸನ್ ತಂಡ ಗಾಡಿಗೆ ವಿಡಿಯೊ ಕ್ಯಾಮೆರಾ ಕಟ್ಟಿ ಶಿಕಾಗೊದ ಬೀದಿ ಬೀದಿ ಶೂಟ್ ಮಾಡಿ ನೋಡ್ದಾಗ, ಕಸ ಕುಡಿತ ಗೋಡೆಬರಹ ಇವೂ ಕ್ರೈಮೂ ಹೆಚ್ಚಾಗಿ ಒಂದೇ ಬೇರಿಂದ ಬಂದಿದ್ವು, ಒಂದೇ ಕಡೆ ಗುಡ್ಡೆಬಿದ್ದ ಬಡತನ ಮತ್ತು ಒಡೆದ ಒಡನಾಟ. ಕಸ ಬಾಚಿದ ತಕ್ಷಣ ಕ್ರೈಂ ಹೋಗಿಬಿಡತ್ತೆ ಅಂದ್ಕೋಬೇಡಿ. ಆದ್ರೆ ಕಸ ಬಾಚೋಕೆ ಹತ್ತು ಮನೆಯವ್ರು ಹೊರಗೆ ಬಂದ್ರಲ್ಲ, ಆ ಹೊರಗೆ ಬಂದಿದ್ದು ಕೆಲಸ ಮಾಡತ್ತೆ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ನಡೆದು ನೋಡಿ, ಎರಡು ಹೊತ್ತು

ಬೆಳಿಗ್ಗೆ ಒಂದು ಸಲ, ರಾತ್ರಿ ಏಳೂವರೆಯಿಂದ ಒಂಬತ್ತರ ಒಳಗೆ ಒಂದು ಸಲ. ಗಂಡಸರು ಮಾತ್ರ ಹೋದ್ರೆ ಅರ್ಧ ವಿಷಯ ತಪ್ಪಿಹೋಗತ್ತೆ, ಗಾರ್ಮೆಂಟ್ಸಿಂದ ಬರೋ ಒಬ್ಬ ಹೆಣ್ಣುಮಗಳು, ಹೈಸ್ಕೂಲ್ ಓದೋ ಒಂದು ಹುಡುಗಿ, ವಯಸ್ಸಾದೋರು ಒಬ್ರು, ಟೀ ಅಂಗಡಿಯವ್ರು ಸಾಧ್ಯ ಆದ್ರೆ, ಇವ್ರು ಇರ್ಲೇಬೇಕು. ಸೇಫ್ಟಿಪಿನ್ ಅಂತ ಒಂದು ಆ್ಯಪ್ ಇದೆ, ಹೆಂಗಸರ ಸುರಕ್ಷತೆ ದೃಷ್ಟಿಯಿಂದ ಬೀದಿನ ಅಳೆಯೋಕೆ ಅಂತಲೇ ಮಾಡಿರೋದು, ಬೆಳಕು ಹೇಗಿದೆ, ನಾಲ್ಕೂ ಕಡೆ ಕಾಣತ್ತಾ, ಅಕ್ಕಪಕ್ಕದ ಮನೆ ಕಿಟಕಿಯಿಂದ ಈ ಜಾಗ ಕಾಣತ್ತಾ, ಜನ ಇದಾರಾ, ಅವರಲ್ಲಿ ಹೆಂಗಸರು ಇದಾರಾ, ನಡೆಯೋಕೆ ದಾರಿ ಇದೆಯಾ, ಬಸ್ಸು ಆಟೋ ಹತ್ತಿರ ಇದೆಯಾ, ನಿಮಗೆ ಏನನ್ಸತ್ತೆ, ಹೀಗೆ ನೋಡ್ಕೊಂಡು ಹೋಗತ್ತೆ. ಆ್ಯಪ್ ಇಲ್ದಿದ್ರೂ ಪರವಾಗಿಲ್ಲ, ಡ್ರಾಯಿಂಗ್ ಶೀಟ್ ಮೇಲೆ ಗಲ್ಲಿ ಬರ್ಕೊಂಡು ಇದೇ ಪ್ರಶ್ನೆ ಕೇಳ್ತಾ ಹೋಗಿ.

ಬರ್ಕೋಬೇಕಾದ್ದು: ಉರಿಯದ ಲೈಟಿನ ಕಂಬದ ಮೇಲೆ ಬರೆದಿರೋ ನಂಬರ್, ಖಾಲಿ ಸೈಟು, ಅರ್ಧಕ್ಕೆ ನಿಂತ ಬಿಲ್ಡಿಂಗು, ಕಸದ ಬ್ಲ್ಯಾಕ್ ಸ್ಪಾಟು, ಬಾರ್, ಬಾರಿಂದ ಬಸ್ ಸ್ಟಾಪಿಗೆ ಹೋಗೋ ದಾರಿ, ಸಾರ್ವಜನಿಕ ಶೌಚಾಲಯ. ಈ ಕೊನೇದನ್ನ ದಯವಿಟ್ಟು ಬಿಡಬೇಡಿ. ಮನೆಲಿ ಟಾಯ್ಲೆಟ್ ಇಲ್ಲದ ಗಲ್ಲಿಲಿ ಕಾಮನ್ ಟಾಯ್ಲೆಟ್ ಇರೋದು ಮೂಲೆಗೆ, ರಾತ್ರಿ ಹೊತ್ತು ಒಳಗಿನ ಬಲ್ಬು ಹೋಗಿರತ್ತೆ, ಬಾಗಿಲ ಚಿಲಕ ಕಿತ್ತುಹೋಗಿ ಆ ತೂತಿಗೆ ಯಾರೋ ಬಟ್ಟೆ ಕಟ್ಟಿ ಎಳ್ಕೊಂಡಿರ್ತಾರೆ, ಹೆಂಗಸರು ಒಬ್ರು ಒಳಗೆ ಹೋದ್ರೆ ಇನ್ನೊಬ್ರು ಹೊರಗೆ ಕಾಯ್ತಾರೆ, ರಾತ್ರಿ ಎದ್ದು ಹೋಗ್ಬೇಕಾಗತ್ತೆ ಅಂತ ಸಂಜೆ ಮೇಲೆ ನೀರೇ ಕುಡಿಯಲ್ಲ ಅನ್ನೋರು ಇದಾರೆ. ಒಂದು ಚಿಲಕ ಒಂದು ಬಲ್ಬು. ಇದಕ್ಕೆ ಯಾವ ಪೊಲೀಸ್ ಯೋಜನೆನೂ ಬೇಡ, ಮರುದಿನವೇ ಹಾಕಿಸಬಹುದು, ಮೊದಲ ಕೆಲಸ ಇದೇ ಮಾಡಿ ಅಂತ ನನ್ನ ಸಲಹೆ, ಯಾಕಂದ್ರೆ ಮಾತಾಡಿದ್ದು ಆಯ್ತು ಅಂತ ಕಣ್ಣಿಗೆ ಕಂಡ ಮೇಲೆ ಮುಂದಿನ ಮೀಟಿಂಗಿಗೆ ಆ ಹೆಂಗಸರೆಲ್ಲ ಬರ್ತಾರೆ.

ಒಂದು ಎಚ್ಚರಿಕೆ. ಹಾಳೆಲಿ ಎರಡು ಬೇರೆ ಬೇರೆ ಪಟ್ಟಿ ಮಾಡಿ: ಇಲ್ಲಿ ನಿಜವಾಗ್ಲೂ ಏನಾಗಿದೆ ಅನ್ನೋದು ಒಂದು, ಇಲ್ಲಿ ಭಯ ಆಗತ್ತೆ ಅನ್ನೋದು ಇನ್ನೊಂದು. ಅದೇ ಶಿಕಾಗೊ ತಂಡ 2004ರಲ್ಲಿ ತೋರಿಸಿದ್ದು ಏನಂದ್ರೆ ಬೀದಿಲಿ ಅವ್ಯವಸ್ಥೆ ಒಂದೇ ಸಮ ಇದ್ರೂ, ಕಪ್ಪು ಜನ ಮತ್ತು ಬಡವರು ಜಾಸ್ತಿ ಇರೋ ಕಡೆ ಅವ್ಯವಸ್ಥೆ ಹೆಚ್ಚು ಅಂತ ಜನ ಹೇಳ್ತಾರೆ, ಕಣ್ಣು ಮೋಸ ಮಾಡತ್ತೆ. ನಮ್ಮಲ್ಲೂ ಲುಂಗಿ ಉಟ್ಟು ಕಟ್ಟೆ ಮೇಲೆ ಕೂತ ಗಂಡಸರನ್ನ ನೋಡಿ ಡೇಂಜರ್ ಅಂತ ಬರ್ಕೊಳ್ಳೋರು ಇದಾರೆ, ಅವ್ರು ದಿನದ ಕೆಲಸ ಮುಗಿಸಿ ಗಾಳಿಗೆ ಕೂತಿರ್ತಾರೆ ಅಷ್ಟೇ, ಮನೆ ಒಳಗೆ ಜಾಗ ಇರಲ್ಲ. ನಿಜವಾಗಿ ಆಗಿರೋದನ್ನ ತಿಳ್ಕೊಳ್ಳೋಕೆ ಜನರನ್ನೇ ಕೇಳಿ, ಎಲ್ಲಿ, ಎಷ್ಟೊತ್ತಿಗೆ, ಯಾವ ವಾರ. ಎಫ್‌ಐಆರ್‌ಗಳನ್ನ ರಾಜ್ಯ ಪೊಲೀಸ್ ವೆಬ್‌ಸೈಟಲ್ಲಿ ಹುಡುಕಬಹುದು (ಸೂಕ್ಷ್ಮ ಕೇಸುಗಳು ಹಾಕಿರಲ್ಲ), ಆದ್ರೆ ಬಡ ಏರಿಯಾಲಿ ಆಗಿದ್ದರಲ್ಲಿ ಸ್ಟೇಷನ್ ಮುಟ್ಟೋದು ಸ್ವಲ್ಪ ಭಾಗ, ಅದನ್ನ ನಂಬ್ಕೊಂಡು ಕೂರಬೇಡಿ.

ಬೆಳಕು, ಖಾಲಿ ಸೈಟು, ತಳ್ಳುಗಾಡಿ

ಬೆಳಕಿನ ವಿಷಯದಲ್ಲಿ ಅನುಮಾನವೇ ಬೇಡ. 2016ರಲ್ಲಿ ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಲಾಟರಿ ಎತ್ತಿದ ಹಾಗೆ ಕೆಲವನ್ನ ಆರಿಸಿ ದೊಡ್ಡ ಲೈಟ್ ಟವರ್ ಇಟ್ರು, ಉಳಿದವಕ್ಕೆ ಇಡಲಿಲ್ಲ, ಇಟ್ಟ ಕಡೆ ರಾತ್ರಿ ಹೊತ್ತು ಹೊರಗೆ ಆಗೋ ಗಂಭೀರ ಕ್ರೈಂ ಸುಮಾರು ಶೇ. 36 ಕಮ್ಮಿ ಆಯ್ತು. ಯಾರನ್ನೂ ಹಿಡಿದು ಹೊಡೆದು ಮಾಡಿದ್ದಲ್ಲ ನೋಡಿ.

ಬೆಂಗಳೂರಲ್ಲಿ ಬೀದಿ ದೀಪ ಕಾರ್ಪೊರೇಷನ್ ಜವಾಬ್ದಾರಿ, 1533ಕ್ಕೆ ಫೋನ್ ಮಾಡಿ, ಕಂಬದ ನಂಬರ್ ಹೇಳಿ, ದೂರಿನ ನಂಬರ್ ತಗೊಳ್ಳಿ. ವೈರ್ ಜೋತಾಡ್ತಿದ್ರೆ ಟ್ರಾನ್ಸ್‌ಫಾರ್ಮರ್ ಸಮಸ್ಯೆ ಇದ್ರೆ ಬೆಸ್ಕಾಂ 1912. ಒಬ್ರೇ ಹತ್ತು ಲೈಟಿಗೆ ದೂರು ಕೊಡೋ ಬದಲು ಆಯಾ ಕಂಬದ ಕೆಳಗಿನ ಮನೆಯವ್ರು ತಮ್ಮ ತಮ್ಮ ಫೋನಿಂದ ಕೊಟ್ರೆ ತೂಕ ಜಾಸ್ತಿ, ಜೊತೆಗೆ ಆ ಲೈಟು ಮತ್ತೆ ಹೋದಾಗ ಅದು 'ನಮ್ ಲೈಟು' ಅಂತ ಅವ್ರೇ ಫೋನ್ ಮಾಡ್ತಾರೆ. ವಾರ ಆದ್ರೂ ಆಗ್ಲಿಲ್ಲ ಅಂದ್ರೆ ದೂರಿನ ನಂಬರೆಲ್ಲ ಒಂದು ಹಾಳೆಲಿ ಬರೆದು ವಾರ್ಡ್ ಇಂಜಿನಿಯರ್ ಆಫೀಸಿಗೆ ಹೋಗಿ ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ. ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ಆಗದೆ ಹೋಯ್ತು, ಬಡವರಿಗೆ ಬೀದಿಲಿ ನಿಲ್ಲಿಸಿ ಕೇಳೋಕೆ ಇದ್ದ ಒಬ್ಬ ಮನುಷ್ಯನೂ ಇಲ್ಲದ ಹಾಗಾಯ್ತು, ಲೇಔಟಿನವ್ರಿಗೆ ಹೇಗೋ ಆಫೀಸರ್ ನಂಬರ್ ಸಿಗತ್ತೆ, ಇವ್ರಿಗೆ ಎಲ್ಲಿಂದ ಸಿಗ್ಬೇಕು? ಹಾಗಾಗಿ ಅಸೋಸಿಯೇಷನ್‌ನವ್ರು ನಿಜವಾಗ್ಲೂ ಸಹಾಯ ಮಾಡ್ಬೇಕು ಅಂದ್ರೆ ಆ ಇಂಜಿನಿಯರ್ ನಂಬರ್ ಪಕ್ಕದ ಕಾಲೋನಿಗೂ ಕೊಡಿ, ನಿಮ್ಮ ಪತ್ರದಲ್ಲಿ ಅವ್ರ ಕಂಬಗಳನ್ನೂ ಸೇರಿಸಿ.

ಖಾಲಿ ಸೈಟಿಗೆ ಬರೋಣ. ಫಿಲಡೆಲ್ಫಿಯಾದಲ್ಲಿ 541 ಖಾಲಿ ಜಾಗ ತಗೊಂಡು, ಕೆಲವನ್ನ ಕಸ ತೆಗೆದು ಮಟ್ಟ ಮಾಡಿ ಹುಲ್ಲು, ನಾಲ್ಕು ಗಿಡ ಹಾಕಿ ಗಿಡ್ಡ ಮರದ ಬೇಲಿ ಕಟ್ಟಿದ್ರು, ಕೆಲವನ್ನ ಹಾಗೇ ಬಿಟ್ರು. 2018ರಲ್ಲಿ ಫಲಿತಾಂಶ ಬಂತು, ತೀರಾ ಬಡ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆ ಶೇ. 29ರಷ್ಟು ಇಳಿದಿತ್ತು. ಬೇಲಿ ಗಿಡ್ಡ ಇತ್ತು ಅನ್ನೋದನ್ನ ಗಮನಿಸಿ, ಒಳಗೆ ಏನಾಗ್ತಿದೆ ಅಂತ ದಾರೀಲಿ ಹೋಗೋರಿಗೆ ಕಾಣತ್ತೆ, ಮಕ್ಕಳು ಒಳಗೆ ಹೋಗಿ ಆಡಬಹುದು, ಆದ್ರೆ ಲೋಡುಗಟ್ಟಲೆ ಕಸ ತಂದು ಸುರಿಯೋಕೆ ಗಾಡಿ ನುಗ್ಗಲ್ಲ. ನಮ್ಮಲ್ಲಿ ಮಾಡೋದೇನು, ತಗಡಿನ ಶೀಟ್ ಎಂಟಡಿ ಎತ್ತರ ಹಾಕಿ ಬೀಗ ಜಡಿತೀವಿ, ಆ ಶೀಟಿನ ಹಿಂದೆ ಗಾಂಜಾ ಸೇದೋಕೆ ಅದಕ್ಕಿಂತ ಒಳ್ಳೇ ಜಾಗ ಬೇರೆ ಸಿಗಲ್ಲ. ಸೈಟ್ ಕ್ಲೀನ್ ಇಡೋದು ಓನರ್ ಜವಾಬ್ದಾರಿ, ಕಾರ್ಪೊರೇಷನ್ ನೋಟಿಸ್ ಕೊಟ್ಟು ದಂಡ ಹಾಕಬಹುದು, ಆದ್ರೆ ಮೊದಲು ಓನರ್ ಹುಡುಕಿ ಮಾತಾಡೋದು ಮೇಲು, ಜಾಗ ಒತ್ತುವರಿ ಆಗತ್ತೆ ಅನ್ನೋ ಭಯ ಅವ್ರಿಗೆ ಇರತ್ತೆ, ನಾವು ಕಟ್ಟಡ ಕಟ್ಟಲ್ಲ, ಬಿಡಿ ಅಂದಾಗ ಬಿಡ್ತೀವಿ ಅಂತ ಬರೆದುಕೊಟ್ರೆ ಹುಡುಗರಿಗೆ ವಾಲಿಬಾಲ್ ನೆಟ್ ಕಟ್ಟೋಕೆ ಒಪ್ಪೋರು ಇದಾರೆ.

ತಳ್ಳುಗಾಡಿ ವಿಷಯದಲ್ಲಿ ನನಗೆ ಬಹಳ ಸಂಕಟ ಇದೆ. ಬಸ್ ಸ್ಟಾಪ್ ಮೂಲೆಲಿ ರಾತ್ರಿ ಹತ್ತರವರೆಗೆ ಬೋಂಡ ಬಜ್ಜಿ ಹಾಕೋ ಒಬ್ಬ ಅಮ್ಮ ಇರ್ತಾರೆ ಅಂದ್ಕೊಳ್ಳಿ, ಅವ್ರ ಗಾಡಿಗೆ ಒಂದು ಎಲ್‌ಇಡಿ ಬಲ್ಬು, ಮುಂದೆ ಯಾವಾಗ್ಲೂ ನಾಲ್ಕು ಜನ, ಯಾವ ಹುಡುಗಿ ಎಷ್ಟೊತ್ತಿನ ಬಸ್ಸಿಗೆ ಇಳೀತಾಳೆ ಅಂತ ಅವ್ರಿಗೆ ಗೊತ್ತಿರತ್ತೆ, ಲೇಟಾದ್ರೆ ಯಾಕವ್ವ ಇವತ್ತು ಲೇಟು ಅಂತ ಕೇಳ್ತಾರೆ, ಅಪರಿಚಿತ ಬೈಕ್ ಎರಡು ರೌಂಡ್ ಹೊಡೆದ್ರೆ ಸೌಟು ಕೈಲಿ ಹಿಡ್ಕೊಂಡೇ ಏನಪ್ಪಾ ಯಾರು ಬೇಕು ಅಂತಾರೆ. ಫುಟ್‌ಪಾತ್ ಕ್ಲೀನ್ ಮಾಡ್ತೀವಿ ಅಂತ ಗಾಡಿ ಎತ್ಹಾಕ್ಕೊಂಡು ಹೋದ ರಾತ್ರಿಯಿಂದ ಆ ಮೂಲೆಲಿ ಬೆಳಕೂ ಇಲ್ಲ ಮನುಷ್ಯರೂ ಇಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಎತ್ತಂಗಡಿ ಮಾಡೋ ಹಾಗಿಲ್ಲ. ನಿಮ್ಮ ಏರಿಯಾದ ಗಾಡಿಯವ್ರಿಗೆ ಆ ಕಾರ್ಡ್ ಇದೆಯಾ ಕೇಳಿ, ಇಲ್ಲಾಂದ್ರೆ ಅರ್ಜಿ ಹಾಕಿಸಿ. ನಡೆಯೋಕೆ ದಾರಿ ಬಿಟ್ಟು ಗಾಡಿ ನಿಲ್ಲಿಸೋದು ಹೇಗೆ ಅಂತ ಕೂತು ಮಾತಾಡಿ, ಕಂಪ್ಲೇಂಟ್ ಕೊಟ್ಟು ಓಡಿಸಬೇಡಿ.

ಅದೇ ಕಾರಣಕ್ಕೆ ಇಡೀ ಕಾಲೋನಿ ಎತ್ತಿಸಿದ್ರೆ ಕ್ರೈಂ ಹೋಗತ್ತೆ ಅನ್ನೋದು ಅತಿ ಕೆಟ್ಟ ಉಪಾಯ. 2013ರ ಜನವರಿಲಿ ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆ ಅಂತ ಕಟ್ಟಿದ್ದ ಇಡಬ್ಲ್ಯೂಎಸ್ ಕ್ವಾರ್ಟರ್ಸ್ ಜಾಗ ಕೆಡವಿ ತೆರವು ಮಾಡಿದಾಗ ಸಾವಿರಕ್ಕೂ ಹೆಚ್ಚು ಕುಟುಂಬ ಚಳಿಲಿ ಬೀದಿಗೆ ಬಿದ್ವು, ಬದಲಿ ಅಂತ ತೋರಿಸಿದ್ದು ದೂರದ ಸೂಲಿಕುಂಟೆ. ಕೆಲಸದ ಜಾಗದಿಂದ ದೂರ, ಮಕ್ಕಳ ಸ್ಕೂಲಿಂದ ದೂರ, ಪಕ್ಕದ ಮನೆಯವ್ರು ಯಾರೋ. ಇಪ್ಪತ್ತು ವರ್ಷದ ಒಡನಾಟ ಒಂದು ವಾರದಲ್ಲಿ ಹೋಗತ್ತೆ, ಶಾ ಮತ್ತು ಮೆಕೇ ಮ್ಯಾಪಲ್ಲಿ ಕಂಡಿದ್ದ ಸ್ಥಿತಿನ ನಾವೇ ಕೈಯಾರೆ ಹೊಸ ಜಾಗದಲ್ಲಿ ತಯಾರು ಮಾಡಿದ ಹಾಗೆ.

ಮನೆ ಮನೆ ನಡುವಿನ ಕೆಲಸ

ದೊಡ್ಡ ಸಮಿತಿ, ಅಧ್ಯಕ್ಷ, ಕಾರ್ಯದರ್ಶಿ ಅಂತ ಶುರು ಮಾಡಬೇಡಿ, ಅದು ಎಲೆಕ್ಷನ್ ಹೊತ್ತಿಗೆ ಎರಡು ಪಾರ್ಟಿ ಆಗಿ ಒಡೆಯತ್ತೆ. ಹತ್ತು ಹನ್ನೆರಡು ಮನೆಯ ಒಂದು ಸಾಲು ತಗೊಳ್ಳಿ. ಎಲ್ಲರ ಹೆಸರು, ಫೋನ್ ನಂಬರ್, ಮನೆಲಿ ಯಾರು ಯಾವ ಹೊತ್ತು ಇರ್ತಾರೆ. ಹೊಸದಾಗಿ ಬಾಡಿಗೆಗೆ ಬಂದ ಮನೆಗೆ ಮೊದಲ ವಾರದಲ್ಲೇ ಒಬ್ರು ಹೋಗಿ ಮಾತಾಡಿಸ್ಬೇಕು, ಬಿಹಾರದಿಂದ ಬಂದೋರಾದ್ರೂ ಸರಿ ರಾಯಚೂರಿಂದ ಬಂದೋರಾದ್ರೂ ಸರಿ, ನೀರು ಯಾವ ದಿನ ಬರತ್ತೆ, ರೇಷನ್ ಅಂಗಡಿ ಎಲ್ಲಿ, ಅಂಗನವಾಡಿ ಎಲ್ಲಿ ಅಂತ ಹೇಳಿದ್ರೆ ಸಾಕು. ನೀರಿನ ಟ್ಯಾಂಕರ್ ಜಗಳ ಎಷ್ಟು ಕಡೆ ತಲೆ ಒಡೆಯೋವರೆಗೆ ಹೋಗಿದೆ ಅಂತ ಗೊತ್ತಿರೋರಿಗೆ ಗೊತ್ತು, ಸರದಿ ಬರೆದು ಗೋಡೆಗೆ ಅಂಟಿಸಿದ್ರೆ ಅರ್ಧ ಜಗಳ ಅಲ್ಲೇ ನಿಲ್ಲತ್ತೆ.

ಆಮೇಲೆ ಒಂದು ಒಪ್ಪಂದ ಬೇಕು, ಏನಾದ್ರೂ ಆದಾಗ ಯಾರೂ ಒಬ್ಬೊಬ್ಬರೇ ಹೊರಗೆ ಬರೋದು ಬೇಡ, ಒಟ್ಟಿಗೆ ಬರೋದು. ಹೆಂಡತಿಗೆ ಹೊಡೆಯೋ ಸದ್ದು ಕೇಳಿದ್ರೆ ಮೂರು ಮನೆಯವ್ರು ಬಾಗಿಲು ತಟ್ಟೋದು, ಒಬ್ರು ಪೊಲೀಸ್ ತುರ್ತು ನಂಬರ್ 112ಕ್ಕೆ ಫೋನ್ ಮಾಡೋದು. ಚಾಕು ಲಾಂಗು ಕಂಡ್ರೆ ಮಧ್ಯ ಹೋಗೋ ಹಾಗಿಲ್ಲ, ಫೋನ್ ಮಾತ್ರ. ಕಳ್ಳ ಅಂತ ಯಾರನ್ನಾದ್ರೂ ಹಿಡಿದ್ರೆ ಕೈ ಮಾಡೋ ಹಾಗಿಲ್ಲ, ಮಕ್ಕಳ ಕಳ್ಳ ಅನ್ನೋ ವಾಟ್ಸಾಪ್ ಸುಳ್ಳಿಗೆ 2018ರಲ್ಲಿ ಬೆಂಗಳೂರಲ್ಲೇ ಹೊಟ್ಟೆಪಾಡಿಗೆ ಬಂದಿದ್ದ ಒಬ್ಬ ಹುಡುಗನನ್ನ ಜನ ಕಟ್ಟಿ ಹೊಡೆದು ಸಾಯಿಸಿದ್ರು. ಏರಿಯಾ ಕಾಯೋದು ಅಂದ್ರೆ ಅದಲ್ಲ, ಇದನ್ನ ಮೊದಲ ಮೀಟಿಂಗಲ್ಲೇ ಖಡಾಖಂಡಿತ ಹೇಳಿ.

ಹುಡುಗರು

ಈಗ ಅಸಲಿ ಕೆಲಸ. ಶಿಕಾಗೊದಲ್ಲೇ 2012ರ ಬೇಸಿಗೆಲಿ, ಹಿಂಸೆ ಜಾಸ್ತಿ ಇರೋ ಏರಿಯಾಗಳ 13 ಹೈಸ್ಕೂಲುಗಳ 1,634 ಮಕ್ಕಳಲ್ಲಿ ಚೀಟಿ ಎತ್ತಿದ ಹಾಗೆ ಕೆಲವರಿಗೆ ಎಂಟು ವಾರದ ಪಾರ್ಟ್ ಟೈಂ ಕೆಲಸ ಕೊಟ್ರು, ಜೊತೆಗೆ ಮಾತಾಡಿಸೋಕೆ ಒಬ್ಬ ದೊಡ್ಡವ್ರನ್ನ ಕೊಟ್ರು. ಮುಂದಿನ 16 ತಿಂಗಳಲ್ಲಿ ಅವ್ರು ಹಿಂಸೆಯ ಕೇಸಲ್ಲಿ ಅರೆಸ್ಟ್ ಆಗೋದು ಶೇ. 43 ಕಮ್ಮಿ ಆಯ್ತು, ಅದೂ ಹೆಚ್ಚಿನದು ಕೆಲಸ ಮುಗಿದ ಮೇಲಿನ ತಿಂಗಳುಗಳಲ್ಲಿ. ಬೀದಿಲಿ ಇರಲಿಲ್ಲ ಅದಕ್ಕೆ ಕಮ್ಮಿ ಆಯ್ತು ಅನ್ನೋ ಹಾಗಿಲ್ಲ, ಒಳಗೇ ಏನೋ ಬದಲಾಗಿತ್ತು.

ನಮ್ಮಲ್ಲಿ 14ರ ಒಳಗಿನ ಮಕ್ಕಳನ್ನ ಕೆಲಸಕ್ಕೆ ಹಾಕೋ ಹಾಗೇ ಇಲ್ಲ, 18ರವರೆಗೆ ಅಪಾಯದ ಕೆಲಸ ಇಲ್ಲ, ಆದ್ರೆ ಸಂಜೆ ನಾಲ್ಕರಿಂದ ಎಂಟು ಗಂಟೆ ಹೊತ್ತು ತುಂಬಿಸೋಕೆ ದಾರಿ ಬೇಕಾದಷ್ಟಿದೆ. ಅಂಗನವಾಡಿ ಇಲ್ಲ ದೇವಸ್ಥಾನದ ಜಗುಲಿ ಇಲ್ಲ ಮಸೀದಿ ಪಕ್ಕದ ಹಾಲ್, ಎಲ್ಲಿ ಲೈಟು ಫ್ಯಾನು ಇದೆಯೋ ಅಲ್ಲಿ ಟ್ಯೂಷನ್, ಅದೇ ಕಾಲೋನಿಯ ಪಿಯುಸಿ ಡಿಗ್ರಿ ಓದೋರಿಗೆ ಸ್ವಲ್ಪ ಗೌರವಧನ ಕೊಟ್ಟು ನಡೆಸಿ. ಪುಕ್ಕಟೆ ಮಾಡಿಸಬೇಡಿ, ಮೂರು ತಿಂಗಳಿಗೆ ನಿಂತುಹೋಗತ್ತೆ. ಹತ್ತನೇ ಕ್ಲಾಸ್ ಫೇಲಾಗಿ ಕೂತಿರೋ ಹುಡುಗರ ಪಟ್ಟಿ ಮಾಡಿ, ಏರಿಯಾದ ಅತಿ ಮುಖ್ಯ ಪಟ್ಟಿ ಅದು, ಯಾಕಂದ್ರೆ ಆ 'ಅಣ್ಣ'ನ ಕೈಲೂ ಅದೇ ಪಟ್ಟಿ ಇರತ್ತೆ. ಒಬ್ಬೊಬ್ಬರಿಗೂ ಮುಂದಿನ ಒಂದು ಹೆಜ್ಜೆ ಏನು ಅಂತ ಬರೀರಿ: ಎಸ್‌ಎಸ್‌ಎಲ್‌ಸಿ ಮತ್ತೆ ಕಟ್ಟೋದು, ಐಟಿಐ, 18 ಆದ್ರೆ ಡ್ರೈವಿಂಗ್ ಲೈಸೆನ್ಸ್, ಎಸಿ ರಿಪೇರಿಯವ್ರ ಹತ್ರ ಕೆಲಸ ಕಲಿಯೋದು. ನಶೆಗೆ ಅಂತ ಪಂಕ್ಚರ್ ಸಲ್ಯೂಷನ್ ಮೂಸೋ ಚಿಕ್ಕ ಮಕ್ಕಳು ಕಂಡ್ರೆ ಬೈದು ಓಡಿಸಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಆ ಟ್ಯೂಬ್ ಮಾರ್ತಿರೋ ಅಂಗಡಿಯವ್ರ ಜೊತೆ ಹೋಗಿ ಕೂತು ಮಾತಾಡಿ.

ಪೊಲೀಸ್ ಜೊತೆ ಹೇಗಿರ್ಬೇಕು

ಪೊಲೀಸರು ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಏರಿಯಾದ ಎಲ್ಲಾ ಹುಡುಗರನ್ನ ನಿಲ್ಲಿಸಿ ಜೇಬು ತಡಕೋದ್ರಿಂದ ಏನೂ ಆಗಲ್ಲ, ನ್ಯೂಯಾರ್ಕಲ್ಲಿ ಅದನ್ನ ಮಾಡಿ ನೋಡಿದಾರೆ, 2011 ಒಂದೇ ವರ್ಷ 6.85 ಲಕ್ಷ ಸಲ ಜನರನ್ನ ನಿಲ್ಲಿಸಿದ್ರು, ಹೆಚ್ಚಿನವ್ರು ಕಪ್ಪು, ಲ್ಯಾಟಿನೊ ಹುಡುಗರು, ಹತ್ತರಲ್ಲಿ ಸುಮಾರು ಒಂಬತ್ತು ಸಲ ಏನೂ ಸಿಗಲಿಲ್ಲ, 2013ರಲ್ಲಿ ಕೋರ್ಟು ಇದು ನಡೆಸಿದ ರೀತಿ ಸಂವಿಧಾನಕ್ಕೆ ವಿರುದ್ಧ ಅಂತು, ಆಮೇಲೆ ನಿಲ್ಲಿಸೋದು ಪಾತಾಳಕ್ಕೆ ಇಳಿದ್ರೂ ಕ್ರೈಂ ಏರಲಿಲ್ಲ. ಹಾಗೆ ನಿಲ್ಲಿಸಿಕೊಂಡ ಹುಡುಗ ನಾಳೆ ಕಣ್ಣೆದುರು ಕೊಲೆ ಆದ್ರೂ ಸಾಕ್ಷಿ ಹೇಳೋಕೆ ಬರಲ್ಲ, ನಷ್ಟ ಅಲ್ಲಿರೋದು.

ನಿಮ್ಮ ಬೀಟ್ ಪೊಲೀಸ್ ಯಾರು ಅಂತ ಹೆಸರು ನಂಬರ್ ಇಸ್ಕೊಳ್ಳಿ. 2025ರಲ್ಲಿ ಶುರುವಾದ 'ಮನೆ ಮನೆಗೆ ಪೊಲೀಸ್' ಯೋಜನೆಲಿ ಬೀಟ್‌ನವ್ರು ಮನೆಗೇ ಬಂದು ಕೇಳ್ಬೇಕು, ಬಂದಾಗ ನೀವು ಮಾಡಿದ ಮ್ಯಾಪ್ ಮುಂದೆ ಇಡಿ, ಇಂಥ ಜಾಗ, ಇಂಥ ಹೊತ್ತು ಅಂತ ಹೇಳಿ, ಇಂಥ ಜನ ಅಂತ ಹೇಳೋದು ಬೇಡ. ಗಸ್ತು ಬೇಕಿರೋದು ಗಾರ್ಮೆಂಟ್ಸ್ ಬಿಡೋ ಹೊತ್ತಿಗೆ ಅಂದ್ರೆ ಆ ಹೊತ್ತಿಗೇ ಕೇಳಿ.

ದೂರು ಕೊಡೋಕೆ ಯಾವಾಗ್ಲೂ ಇಬ್ರು ಹೋಗಿ. ಎಫ್‌ಐಆರ್ ಯಾವ ಠಾಣೆಲಾದ್ರೂ ಕೊಡಬಹುದು, ಕಾಪಿ ಪುಕ್ಕಟೆ ಕೊಡ್ಬೇಕು, ತಗೊಳ್ಳಲ್ಲ ಅಂದ್ರೆ ಬರೆದು ಎಸ್‌ಪಿಗೆ, ಬೆಂಗಳೂರಲ್ಲಾದ್ರೆ ಡಿಸಿಪಿಗೆ, ರಿಜಿಸ್ಟರ್ ಪೋಸ್ಟ್ ಮಾಡಿ. ಮೀಟರ್ ಬಡ್ಡಿ ಕಾಟಕ್ಕೆ 2025ರಲ್ಲಿ ಬಂದ ಸಾಲ ವಸೂಲಿ ಕಿರುಕುಳ ತಡೆ ಕಾನೂನಿದೆ, 10 ವರ್ಷದವರೆಗೆ ಜೈಲು ಆಗಬಹುದು, ಇದನ್ನ ಸಂಘದ ಮೀಟಿಂಗಲ್ಲಿ ಜೋರಾಗಿ ಓದಿ ಹೇಳಿ, ವಸೂಲಿಗೆ ಬರೋ ಹುಡುಗರ ಕಿವಿಗೂ ಬೀಳಲಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ ಕಾನೂನು ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವ್ರು, ಕಸ್ಟಡಿಲಿ ಇರೋರು ಇವ್ರಿಗೆಲ್ಲ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಬಾಲಮಂದಿರದಿಂದ ಹುಡುಗ ವಾಪಸ್ ಬಂದಾಗ

ಇದನ್ನ ಯಾರೂ ಹೇಳಿಕೊಡಲ್ಲ ಅದಕ್ಕೆ ಬಿಡಿಸಿ ಬರೀತಿದೀನಿ. ಹದಿನಾರು ಹದಿನೇಳರ ಹುಡುಗ ಒಂದು ಕೇಸಲ್ಲಿ ಸಿಕ್ಕಿ ವೀಕ್ಷಣಾಲಯದಲ್ಲೋ (ಕೇಸಲ್ಲಿ ಸಿಕ್ಕ ಮಕ್ಕಳನ್ನ ಇಡೋ ಜಾಗ) ಬಾಲಮಂದಿರದಲ್ಲೋ ಇದ್ದು ಬಂದ ಅಂದ್ರೆ ಮೊದಲ ತಿಂಗಳು ತೀರಾ ನಾಜೂಕು, ಹಳೇ ಗೆಳೆಯರು ಬೈಕ್ ತಂದು ಗಲ್ಲಿ ತುದಿಲಿ ನಿಲ್ಲಿಸಿರ್ತಾರೆ, ಸ್ಕೂಲಲ್ಲಿ ಸೇರಿಸ್ಕೊಳ್ಳೋಕೆ ಹಿಂದೆ ಮುಂದೆ ನೋಡ್ತಾರೆ, ಮನೆಯವ್ರಿಗೆ ನಾಚಿಕೆ. ಆ ಸಾಲಿನ ಮನೆಗಳವ್ರಲ್ಲಿ ಒಬ್ರು, ಅವ್ನಿಗೆ ಇಷ್ಟ ಇರೋ ದೊಡ್ಡವ್ರು, ದಿನಾ ಒಂದು ಸಲ ಮಾತಾಡಿಸೋ ಜವಾಬ್ದಾರಿ ತಗೊಳ್ಳಿ. ಉಪದೇಶ ಬೇಡ, ಊಟ ಆಯ್ತಾ ಅಂದ್ರೆ ಸಾಕು. ಟಿಸಿ, ಆಧಾರ್, ಬ್ಯಾಂಕ್ ಅಕೌಂಟ್ ಈ ಮೂರು ಆ ತಿಂಗಳಲ್ಲೇ ಸರಿ ಮಾಡಿಸಿ, ಇವಿಲ್ಲದೆ ಯಾವ ಕೆಲಸದವ್ರೂ ತಗೊಳ್ಳಲ್ಲ. ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಕೇಳಿದ್ರೆ ಏನು ಗತಿ ಅಂತ ತಾಯಂದಿರು ಅಳ್ತಾರೆ, ಅವ್ರಿಗೆ ಧೈರ್ಯವಾಗಿ ಹೇಳಿ: 2015ರ ಬಾಲ ನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಚಿಕ್ಕ ವಯಸ್ಸಿನ ಕೇಸಿಂದ ಮುಂದೆ ಅನರ್ಹತೆ ಅಂಟಲ್ಲ, ಘೋರ ಅಪರಾಧದಲ್ಲಿ ದೊಡ್ಡವರ ಥರ ವಿಚಾರಣೆ ಆದ 16 ದಾಟಿದವ್ರದ್ದು ಮಾತ್ರ ಬೇರೆ. 74ನೇ ಸೆಕ್ಷನ್ ಪ್ರಕಾರ ಕೇಸ್ ಮುಗಿದಿದ್ರೆ ಕ್ಯಾರೆಕ್ಟರ್ ಸರ್ಟಿಫಿಕೇಟಿಗೆ ಅಂತ ಪೊಲೀಸರು ಅವನ ಹಳೇ ದಾಖಲೆ ಹೊರಗೆ ಹಾಕೋ ಹಾಗಿಲ್ಲ. ಈ ಎರಡು ಸೆಕ್ಷನ್ ನಂಬರ್ ಒಂದು ಚೀಟಿಲಿ ಬರೆದು ತಾಯಿ ಕೈಗೆ ಕೊಡಿ, ಠಾಣೆಗೆ ಹೋಗೋ ದಿನ ಜೊತೆಗೆ ನೀವೂ ಹೋಗಿ.